ಹಳೆಯ ರೂಪದ ಹೊಸ ಗಾಡಿ

ಮೋಟಾರು ಸೈಕಲ್ಲಿನ ವಿಚಾರವಾಗಿ ಸಂಸ್ಕೃತದ ಮೇಷ್ಟರೊಬ್ಬರು ಬರೆಯಹೊರಡುವುದು ಅಷ್ಟೇನೂ ಒಪ್ಪುವ ಕೆಲಸವಲ್ಲವೆಂದು ವಾಚಕರಲ್ಲಿ ಕೆಲವರಿಗಾದರೂ ತೋರಬಹುದು. ಆದರೆ ಲೋಕದ ಪದಾರ್ಥಗಳನ್ನು ಎಣಿಸಿ ವಿಂಗಡಿಸುವುದೇ ತರ್ಕಶಾಸ್ತ್ರದ ಕೆಲಸವಾದ ಮೇಲೆ, ಎರಡು ಚಕ್ರದ ಪದಾರ್ಥವೊಂದನ್ನು ಮಾತ್ರ ಹೊರಗಿಡುವುದಕ್ಕೆ ಕಾರಣ ಕಾಣೆವು. ಮೇಲಾಗಿ ಈ ಪ್ರಶ್ನೆಯನ್ನು ನಾವಾಗಿ ಹುಡುಕಿಕೊಂಡು ಹೋಗಲಿಲ್ಲ. ಅಮೆರಿಕದಲ್ಲಿರುವ ನಮ್ಮ ಮಗನು ಅದನ್ನು ನಮ್ಮ ಮುಂದಿಟ್ಟನು.

ಈಗಿನ ಕೆಲವು ಕಂಪೆನಿಗಳು ಹೊಸದಾಗಿ ಮಾಡಿದ ಗಾಡಿಗೆ ಐವತ್ತು ಅರವತ್ತು ವರ್ಷಗಳ ಹಿಂದಿನ ರೂಪವನ್ನು ಕೊಡುವುದುಂಟು. ದುಂಡನೆಯ ದೀಪ, ಹೊಟ್ಟೆ ಉಬ್ಬಿದ ಪೆಟ್ರೋಲ್ ಟ್ಯಾಂಕು, ಸಮನಾದ ಉದ್ದನೆಯ ಸೀಟು, ಕಡ್ಡಿ ಜೋಡಿಸಿದ ಚಕ್ರ, ಗಾಳಿಗೆ ಮೈಯೊಡ್ಡಿದ ಎಂಜಿನು; ಸವಾರನು ಬೆನ್ನು ಬಗ್ಗಿಸದೆ ನೆಟ್ಟಗೆ ಕುಳಿತುಕೊಳ್ಳುವನು. ಅಂಥದೊಂದನ್ನು ಕೊಳ್ಳಬೇಕೆಂದು ನಮ್ಮ ಮಗನು ಕ್ಯಾಲಿಫೋರ್ನಿಯದ ಅಂಗಡಿಯೊಂದಕ್ಕೆ ಹೋದಾಗ, “ಇದನ್ನು ನೋಡಿ ಹೊಗಳುವವರು ಬಹಳ, ಹಣ ಕೊಡುವವರು ವಿರಳ” ಎಂದು ಅಂಗಡಿಯವನು ಹೇಳಿದನಂತೆ. “ಅಪ್ಪಾ, ನಮ್ಮೂರಿನಲ್ಲಿ ಬೀದಿಬೀದಿಗೂ ಕಾಣುವ ಇಂಥ ಗಾಡಿ ಇಲ್ಲಿ ಏಕೆ ಖರ್ಚಾಗುವುದಿಲ್ಲ?” ಎಂದು ಮಗನು ಫೋನಿನಲ್ಲಿ ಕೇಳಿದನು.

ವಿಚಾರಿಸಿ ನೋಡಲು, ಅಂಗಡಿಯವನ ಮಾತು ಇಂದು ನಿನ್ನೆಯದಲ್ಲವೆಂದು ತಿಳಿದುಬಂದಿತು. ಹಳೆಯ ಇಂಗ್ಲಿಷ್ ಗಾಡಿಗಳ ಚೆಲುವನ್ನು ಅನುಸರಿಸಿ ಹೊಂಡಾ ಕಂಪೆನಿಯು ಮಾಡಿದ ಜಿ.ಬಿ. 500 ಎಂಬುದು ಅಮೆರಿಕದಲ್ಲಿ 1989 ಮತ್ತು 1990 ಈ ಎರಡು ವರ್ಷ ಮಾತ್ರ ಮಾರಾಟಕ್ಕಿದ್ದಿತು. ಕವಾಸಾಕಿಯ ಡಬ್ಲ್ಯು 650 ಕೂಡ ಅಲ್ಲಿ 2000 ಮತ್ತು 2001, ಎರಡೇ ವರ್ಷ ಉಳಿಯಿತು. ಯಮಹಾ ಕಂಪೆನಿಯ ಎಸ್.ಆರ್. 400 ಎಂಬುದು ಜಪಾನಿನಲ್ಲಿ 1978ರಿಂದ 2021ರ ವರೆಗೆ, ಎಂದರೆ ನಾಲ್ವತ್ತಮೂರು ವರ್ಷ, ನಡೆದುಬಂದಿತು. ಅದೇ ಗಾಡಿಯು 2014ರ ಸುಮಾರಿಗೆ ಅಮೆರಿಕದಲ್ಲಿ ಕಾಲಿಟ್ಟು ಕೆಲವೇ ವರ್ಷಗಳಲ್ಲಿ ಹಿಂದಿರುಗಿತು. ಇವುಗಳಲ್ಲಿ ಒಂದೂ ಕಳಪೆಯಲ್ಲ. ಇಂದಿಗೂ ಅವನ್ನು ಹುಡುಕಿಕೊಂಡು ಹೋಗುವ ಅಭಿಮಾನಿಗಳು ಆ ದೇಶದಲ್ಲಿಯೇ ಇರುವರು. ಹಾಗಾದರೆ ಕೊರತೆ ಎಲ್ಲಿಯದು?

ನಮ್ಮ ತಾರ್ಕಿಕರು ಪ್ರತ್ಯಭಿಜ್ಞೆ ಎಂಬುದೊಂದನ್ನು ಹೇಳುವರು. ಹಿಂದೆ ಎಲ್ಲಿಯೋ ಕಂಡ ದೇವದತ್ತನನ್ನು ಇಂದು ಮತ್ತೆ ಕಂಡು “ಆ ದೇವದತ್ತನೇ ಈತನು” ಎಂದು ಗುರುತಿಸುವ ಜ್ಞಾನವೇ ಅದು. ಅನುಭವದಿಂದ ಸಂಸ್ಕಾರ, ಸಂಸ್ಕಾರದಿಂದ ಸ್ಮೃತಿ. ಸ್ಮೃತಿಯೂ ಪ್ರತ್ಯಕ್ಷವೂ ಕೂಡಿದಲ್ಲಿ ಈ ಗುರುತು. ದೇವದತ್ತನನ್ನು ಮೊದಲು ಕಾಣದವನಿಗೆ ಎದುರಿಗಿರುವವನು ಯಾರೋ ಒಬ್ಬ ಮನುಷ್ಯನಷ್ಟೇ. ಹಳೆಯ ರೂಪದ ಗಾಡಿಯು ಬದುಕುವುದು ಈ ಗುರುತಿನ ಬಲದಿಂದಲೇ ಎಂದು ನಮ್ಮ ಅಭಿಪ್ರಾಯ. ಗುರುತಿಲ್ಲದವನು ಅದರ ಬೆಲೆಯನ್ನೂ ಶಕ್ತಿಯನ್ನೂ ತೂಕವನ್ನೂ ಪಕ್ಕದ ಗಾಡಿಯೊಡನೆ ಹೋಲಿಸಿ ನೋಡುವನು. ಆ ತಕ್ಕಡಿಯಲ್ಲಿ ಅದು ಸೋಲದೆ ಇರಲಾರದು.

ಡಬ್ಲ್ಯು 650ರ ವೃತ್ತಾಂತವನ್ನೇ ನೋಡಬಹುದು. ಜಪಾನಿನಲ್ಲಿ ಅದಕ್ಕೆ 1966ರ ಡಬ್ಲ್ಯು 1 ಎಂಬ ಹಿರಿಯನುಂಟು, ಅಲ್ಲಿನವರು ಗುರುತಿಸಿದರು. ಅಮೆರಿಕದವರ ನೆನಪಿನಲ್ಲಾದರೋ ಅಂಥ ಜೋಡಿ ಸಿಲಿಂಡರಿನ ಗಾಡಿಯೆಂದರೆ ಇಂಗ್ಲೆಂಡಿನ ಟ್ರಯಂಫ್. 1959ರಲ್ಲಿ ಹೊರಟ ಅದರ ಬಾನವಿಲ್ ಎಂಬ ಮಾದರಿಯ ಹೆಸರೇ ಅಮೆರಿಕದ ಯೂಟಾ ಪ್ರಾಂತದ ಉಪ್ಪಿನ ಬಯಲಿನಿಂದ ಬಂದುದು. ಟ್ರಯಂಫಿನ ಹಳೆಯ ಕಾರ್ಖಾನೆ 1983ರಲ್ಲಿ ಮುಚ್ಚಿತು. ಹೊಸ ಸಂಸ್ಥೆಯು 2001ರ ಮಾದರಿಯಾಗಿ ಬಾನವಿಲನ್ನು ಮತ್ತೆ ಹೊರತಂದಿತು. ನಿಜವಾದ ದೇವದತ್ತನೇ ಬಾಗಿಲಿಗೆ ಬಂದಾಗ ಅವನನ್ನು ಹೋಲುವವನಿಗೆ ಮಣೆ ಹಾಕುವವರಾರು?

ಇಲ್ಲಿ ಒಂದು ಆಕ್ಷೇಪ ಹುಟ್ಟುವುದು. ಹೊಂಡಾದ ಸಿ.ಬಿ. 750 ಎಂಬುದು 1969ರಲ್ಲಿ ಅಮೆರಿಕವನ್ನೇ ಗೆದ್ದ ಗಾಡಿ. ಅದರ ನೆನಪನ್ನು ತರುವ ಸಿ.ಬಿ. 1100 ಅಲ್ಲಿಗೆ 2013ರಲ್ಲಿ ಬಂದಿತು. ಗುರುತಿಸುವವರು ಇದ್ದರೂ ಅದು ನೆಲೆಯೂರಲಿಲ್ಲ. 2021ರಲ್ಲಿ ಜಪಾನಿನಲ್ಲಿಯೂ ಅದರ ಕೊನೆಯ ಆವೃತ್ತಿ ಹೊರಟಿತು. ಏಕೆ? 1969ರಲ್ಲಿ ಜನರು ಸಿ.ಬಿ. 750ನ್ನು ಕೊಂಡುದು ಅದು ಎಲ್ಲಕ್ಕಿಂತ ಹೊಸದಾಗಿದ್ದುದರಿಂದ. ನಾಲ್ಕು ಸಿಲಿಂಡರು, ಮುಂಗಾಲಿಗೆ ಡಿಸ್ಕ್ ಬ್ರೇಕು, ಇವು ಅಂದಿನ ಬೆರಗುಗಳು. ಅವರ ಮನಸ್ಸಿನಲ್ಲಿ ಉಳಿದ ಸಂಸ್ಕಾರವು ರೂಪದ್ದಲ್ಲ, ಬೆರಗಿನದು. ರೂಪವನ್ನು ಮತ್ತೆ ಎರಕ ಹೊಯ್ಯಬಹುದು; ಬೆರಗನ್ನು ಹೊಯ್ಯುವ ಅಚ್ಚು ಯಾವ ಕಾರ್ಖಾನೆಯಲ್ಲಿಯೂ ಇಲ್ಲ.

ಗುರುತಿನ ಜೊತೆಗೆ ಉಪಯೋಗವೂ ಇರಬೇಕು. ಜಪಾನಿನಲ್ಲಿ 400 ಸಿ.ಸಿ.ಗೆ ಮೇಲ್ಪಟ್ಟ ಗಾಡಿಗೆ ಬೇರೆಯೇ ದೊಡ್ಡ ಲೈಸೆನ್ಸು ಬೇಕು. ಆದುದರಿಂದ ಆ ಅಳತೆಯ ಎಸ್.ಆರ್. ಅಲ್ಲಿ ಗೌರವದ ಗಾಡಿ. ಅಮೆರಿಕದಲ್ಲಿ ಅಂಥ ಕಟ್ಟಿಲ್ಲ, ದಾರಿಗಳು ದೂರ, ವೇಗ ಹೆಚ್ಚು. ಅದೇ ಗಾಡಿ ಅಲ್ಲಿ ಚಿಕ್ಕದು. ಅದರ ಮೇಲೆ ಗುಂಡಿಯೊತ್ತಿದರೆ ಹೊರಡುವುದಲ್ಲ, ಕಾಲಿನಿಂದಲೇ ಒದೆಯಬೇಕು. ಮನೆಯಲ್ಲಿ ಕಾರು ಇದ್ದು ಮೋಟಾರು ಸೈಕಲ್ಲು ರಜಾದಿನದ ವಿನೋದವಾದ ನಾಡಿನಲ್ಲಿ, ವಿನೋದಕ್ಕಾಗಿ ಒದೆಯುವವರು ಎಷ್ಟು ಮಂದಿ?

ನಮ್ಮ ದೇಶದ ಸಂಗತಿಯೇ ಬೇರೆ. ಮದರಾಸಿನಲ್ಲಿ 1955ರಲ್ಲಿ ಎನ್‌ಫೀಲ್ಡ್ ಬುಲೆಟ್ ಗಾಡಿಯ ಕೆಲಸ ಆರಂಭವಾಯಿತು. ಇಂಗ್ಲೆಂಡಿನ ಮೂಲ ಸಂಸ್ಥೆ ಮುಚ್ಚಿದ ಮೇಲೂ ಇಲ್ಲಿ ನಿಲ್ಲಲಿಲ್ಲ. ಸೈನ್ಯದವರು, ಪೊಲೀಸಿನವರು, ತೋಟದ ಯಜಮಾನರು ಅದನ್ನು ಎಡೆಬಿಡದೆ ಓಡಿಸಿದರು. ನಮ್ಮ ಮಕ್ಕಳ ಕಣ್ಣಿಗೆ ದೇವದತ್ತನು ಮರೆಯಾದುದೇ ಇಲ್ಲ. 2024-25ರಲ್ಲಿ ಆ ಕಂಪೆನಿಯು ದೇಶವಿದೇಶಗಳಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಗಾಡಿಗಳನ್ನು ಮಾರಿತು. ನಮ್ಮ ಮೈಸೂರಿನ ಜಾವಾ ಗಾಡಿಗೆ ಮಾತ್ರ ಆ ಭಾಗ್ಯವಿಲ್ಲ. ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ತಯಾರಾಗುತ್ತ, ಬಳಿಕ ಯೆಜ್ಡಿ ಎಂಬ ಹೆಸರನ್ನು ತಳೆದು, 1996ರಲ್ಲಿ ನಿಂತಿತು. 2018ರಲ್ಲಿ ಬೇರೊಂದು ಸಂಸ್ಥೆಯು ಜಾವಾ ಹೆಸರಿನಲ್ಲಿ ಹಳೆಯ ರೂಪದ ಗಾಡಿಯನ್ನು ಹೊರತಂದಾಗ ನಮ್ಮ ವಯಸ್ಸಿನವರು ಹಿಗ್ಗಿದರು. ಆದರೂ ಎನ್‌ಫೀಲ್ಡಿನ ಸಂಖ್ಯೆಯನ್ನು ಅದು ಮುಟ್ಟಿಲ್ಲ. ಕಾರಣಗಳು ಹಲವಿರಬಹುದು, ನಡುವಣ ಇಪ್ಪತ್ತೆರಡು ವರ್ಷ ಒಂದು ತಲೆಮಾರು ಅಂಗಡಿಯಲ್ಲಿ ಹೊಸ ಜಾವಾ ಕಾಣದೆ ಬೆಳೆದುದು ಅವುಗಳಲ್ಲೊಂದು.

ನಮ್ಮ ತಂದೆಯವರು 1970ರಲ್ಲಿ ಕೊಂಡ ಜಾವಾ ನಮ್ಮ ಮನೆಯ ಹಿತ್ತಿಲ ಚಪ್ಪರದಲ್ಲಿ ಇಂದಿಗೂ ಇದೆ. ಕಿಕ್ಕಿಗೂ ಗೇರಿಗೂ ಅದಕ್ಕೆ ಒಂದೇ ಸನ್ನೆ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು. ಟ್ಯಾಂಕಿನ ಮೇಲೆ ನಾವು, ಹಿಂದೆ ತಾಯಿಯವರು, ಅವರ ತೊಡೆಯ ಮೇಲೆ ತಂಗಿ, ಹೀಗೆ ಸಂಸಾರವೆಲ್ಲ ಅದರ ಮೇಲೆ ನಂಜನಗೂಡಿನ ತೇರಿಗೆ ಹೋಗುತ್ತಿದ್ದೆವು. ನಮ್ಮ ಮಗನು ಅದರಲ್ಲಿಯೇ ಶಾಲೆಗೆ ಹೋದವನು. ಕ್ಯಾಲಿಫೋರ್ನಿಯದ ಅಂಗಡಿಯಲ್ಲಿ ಅವನ ಕಣ್ಣು ನಿಂತುದು ಏತರ ಮೇಲೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಗೆ ಬರುವ ಇತರ ಗಿರಾಕಿಗಳಿಗೆ ಅಂಥ ತಾತನಿಲ್ಲ. ಅವನ ಪ್ರಶ್ನೆಗೆ ನಾವು ಕೊಟ್ಟ ಉತ್ತರ ಇಷ್ಟೇ.

ಆದರೆ ಉತ್ತರ ಕೊಟ್ಟ ಮೇಲೆ ಚಿಂತೆಯೊಂದು ನಮಗೇ ತಗುಲಿಕೊಂಡಿತು. ಬೆಂಗಳೂರಿನ ಹೋಟೆಲಿನವರೊಬ್ಬರು ಆ ಜಾವಾವನ್ನು ತಮ್ಮ ಊಟದ ಹಾಲಿನಲ್ಲಿ ಅಲಂಕಾರಕ್ಕೆ ನಿಲ್ಲಿಸಲು ಒಳ್ಳೆಯ ಬೆಲೆಗೆ ಕೇಳಿದ್ದರು. ಮನೆಯಾಕೆಗೂ ಹಿತ್ತಿಲು ತೆರವಾದರೆ ಸಾಕಾಗಿತ್ತು. ಅಲಂಕಾರಕ್ಕೆ ನಿಂತ ಗಾಡಿಯಿಂದ ಯಾರಿಗೆ ಯಾವ ಸಂಸ್ಕಾರವುಂಟಾದೀತು? ಚಪ್ಪರದಲ್ಲಿ ಧೂಳು ಹೊದ್ದು ನಿಂತರೂ ಅಷ್ಟೇ. ಮೊಮ್ಮಕ್ಕಳಿಗೆ ಅದು ಯಾರೋ ಒಬ್ಬ ಮುದುಕನಾಗಿಯೇ ಉಳಿಯುವುದು. ತಂಗಿಯ ಮಗನು ಪಕ್ಕದ ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯನಾಗಿರುವನು. ಮೆಕ್ಯಾನಿಕ್ಕನ್ನು ಕರೆಸಿ ಗಾಡಿಯನ್ನು ಸರಿಮಾಡಿಸಿ, ಕಾಗದಪತ್ರಗಳನ್ನೂ ಕ್ರಮಪಡಿಸಿ ಅವನ ವಶಕ್ಕೆ ಕೊಟ್ಟಿದ್ದೇವೆ. ಈಗ ದಿನವೂ ಬೆಳಗ್ಗೆ ಅವನ ನಾಲ್ಕು ವರ್ಷದ ಮಗಳು ಟ್ಯಾಂಕಿನ ಮೇಲೆ ಕುಳಿತು ಬೀದಿಯ ತಿರುವಿನ ವರೆಗೆ ಸವಾರಿ ಮಾಡಿ ಇಳಿಯುವಳಂತೆ. ಇಳಿಯುವಾಗ ಅಳುವಳೆಂದೂ ಅವನು ದೂರಿಕೊಂಡನು.