ಸಾಲದ ಪುಸ್ತಕ

ಮೂಡುಬಿದಿರೆಯಿಂದ ವೇಣೂರಿಗೆ ಹೋಗುವ ಬಸ್ಸನ್ನು ಅರ್ಧ ದಾರಿಯಲ್ಲಿ ಇಳಿದು, ಅಡಿಕೆ ತೋಟಗಳ ನಡುವೆ ಅರ್ಧ ಗಂಟೆ ನಡೆದರೆ ಆ ಅಂಗಡಿ. ಕುಚ್ಚಲಕ್ಕಿ, ಒಣಮೀನು, ಕೊಡೆ, ಮೊಬೈಲ್ ಕರೆನ್ಸಿ ಎಲ್ಲ ಅಲ್ಲಿ ಸಿಗುತ್ತಿತ್ತು. ಹಿಂದುಗಡೆ ಹಂಚಿನ ಮಾಡಿನ ಮೂರು ಬಿಡಾರಗಳು. ರಬ್ಬರ್ ಟ್ಯಾಪಿಂಗಿಗೆ ಬಂದವರಿಗೆಂದು ಕಟ್ಟಿಸಿದ್ದು. ಕೊನೆಯದರಲ್ಲಿ ನಾನು ಮೂರು ತಿಂಗಳಿದ್ದೆ. ಸುತ್ತಲಿನ ಹಳೆಯ ಮನೆಗಳಲ್ಲಿ ಲೆಕ್ಕದ ಕಡತಗಳನ್ನು ಹುಡುಕುವುದು ನನ್ನ ಪಿಎಚ್.ಡಿ. ಕೆಲಸವಾಗಿತ್ತು.

ಕಡತಗಳು ಹೆಚ್ಚೇನೂ ಸಿಗಲಿಲ್ಲ. ಗೆದ್ದಲು ನನಗಿಂತ ಮೊದಲೇ ಓದಿ ಮುಗಿಸಿತ್ತು. ಆದರೆ ಸಂಜೆ ಅಂಗಡಿಯ ಬೆಂಚಿನಲ್ಲಿ ಕೂತಾಗ ಸಾಲದ ಪುಸ್ತಕ ಕಣ್ಣಿಗೆ ಬೀಳುತ್ತಿತ್ತು. ಮನೆಗೊಂದು ಪುಟ. ಬೀಡಿಯ ಮಜೂರಿ ಸಿಕ್ಕ ದಿನ ಒಂದಿಷ್ಟು ಜಮೆ, ಅಡಿಕೆ ಮಾರಿದ ಮೇಲೆ ದೊಡ್ಡ ಜಮೆ, ಮಳೆಗಾಲದುದ್ದಕ್ಕೂ ಬರೀ ಸಾಲ. ನಾನು ಹುಡುಕುತ್ತಿದ್ದದ್ದು ಇದನ್ನೇ. ಅಂಗಡಿಯವರನ್ನು ಊರೆಲ್ಲ ಅಣ್ಣ ಎನ್ನುತ್ತಿತ್ತು.

"ಅಣ್ಣ, ನಾಲ್ಕು ಪುಟ ಫೋಟೋ ತೆಗೆಯಲಾ? ಯಾರ ಹೆಸರೂ ಹಾಕುವುದಿಲ್ಲ."

"ಅದೊಂದು ಬೇಡ ಟೀಚರ್," ಎಂದರು. ಕೈಯಲ್ಲಿ ಪುಸ್ತಕ ಹಿಡಿದವರೆಲ್ಲ ಅವರಿಗೆ ಟೀಚರೇ. "ಪುಸ್ತಕ ನನ್ನದು ಹೌದು. ಒಳಗೆ ಇರುವುದು ಅವರ ಮಾನ ಅಲ್ವಾ?"

ಸಿಟ್ಟು ಬಂತು. ಮೂಡುಬಿದಿರೆಯ ಗುರುಬಸದಿಯ ಧವಳಾ ತಾಳೆಗರಿಗಳು ನೆನಪಾದವು. ಶತಮಾನಗಳ ಕಾಲ ಅವುಗಳ ದರ್ಶನ ಮಾಡಬಹುದಿತ್ತು, ಓದುವಂತಿರಲಿಲ್ಲ. ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಆ ಕತೆ ಕೇಳಿದಾಗಲೆಲ್ಲ ನಾನು ಬೀಗ ತೆಗೆಸಿದವರ ಪಕ್ಷ.

ಮುಂದಿನ ತಿಂಗಳು ಫೆಲೋಶಿಪ್ ಬರಲಿಲ್ಲ. ಪುಸ್ತಕದಲ್ಲಿ ನನಗೂ ಒಂದು ಪುಟವಾಯಿತು. ಅಕ್ಕಿ, ಮೊಟ್ಟೆ, ಚಹಾಪುಡಿ, ಬಿಡಾರದ ಬಾಡಿಗೆ. ಜ್ವರ ಬಂದಾಗ ಡಾಕ್ಟರಿಗೆಂದು ಕೈಸಾಲ 500. ಮನೆಗೆ ಹೇಳಿರಲಿಲ್ಲ. ಕೆಲಸ ಬಿಟ್ಟು ಓದಲು ಹೊರಟಾಗ ನಡೆದ ಜಗಳ ಇನ್ನೂ ಆರಿರಲಿಲ್ಲ.

ಅಷ್ಟರಲ್ಲಿ ಅಮ್ಮ ನೋಡಿಹೋಗಲು ಬಂದಳು. ಹೊರಡುವಾಗ ಅಂಗಡಿಯ ಮುಂದೆ ನಿಂತು, ಪರ್ಸ್ ತೆರೆದು, "ಇವಳು ಬಾಕಿ ಏನಾದ್ರೂ ಇಟ್ಟಿದ್ದಾಳಾ?" ಎಂದು ಕೇಳಿಯೇಬಿಟ್ಟಳು. ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ಅಣ್ಣ ಅದರ ಮೇಲೆ ಅಂಗೈ ಊರಿದರು.

"ಎಂತದೂ ಇಲ್ಲ ಅಮ್ಮ."

ಮೂರು ವಾರದ ಮೇಲೆ ದುಡ್ಡು ಬಂತು. ಕೊಟ್ಟೆ. ಅಣ್ಣ ನನ್ನ ಪುಟಕ್ಕೆ ಅಡ್ಡಗೆರೆ ಎಳೆದರು.

ಧವಳಾ ಅಚ್ಚಾದದ್ದು ಒಳ್ಳೆಯದೇ ಆಯಿತು ಎಂದು ಈಗಲೂ ನಂಬುತ್ತೇನೆ. ಆದರೆ ಯಾರದೋ ಮನೆಯ ಕಡತ ಬಿಚ್ಚುವಾಗ ಸಾಲಗಾರರ ಹೆಸರು ಬಂದರೆ, ಒಮ್ಮೆ ನಿಂತು ಮನೆಯವರನ್ನು ಕೇಳುತ್ತೇನೆ. ಬೇಡ ಎಂದರೆ ಆ ಪುಟ ಬಿಡುತ್ತೇನೆ. ಪ್ರಬಂಧದ ಒಂದು ಅಧ್ಯಾಯ ಹೀಗಾಗಿ ಇನ್ನೂ ಅರ್ಧದಲ್ಲಿದೆ.