ಅಪ್ಪ ಹಾಕಿಸಿದ ಹೆಚ್ಚಿನ ಪಾಟಾ

ನಮ್ಮ ಕಡೆಯ ರಸ್ತೆಗಳ ಯೋಗ್ಯತೆ ತಿಳಿಯಬೇಕೆಂದರೆ ಗಾಡಿಯೊಳಗೆ ಕೂತರೆ ಸಾಲದು, ಗಾಡಿಯ ಅಡಿಗೆ ಮಲಗಬೇಕು. ಮಳೆಗಾಲದಲ್ಲಿ ಎರೆಮಣ್ಣು ಗಾಲಿಯನ್ನು ಹಿಡಿದರೆ ಬಿಡುವುದಿಲ್ಲ. ಬೇಸಿಗೆಯಲ್ಲಿ ಅದೇ ಮಣ್ಣು ಬಿರಿದು ಕಲ್ಲಾಗಿ ಕೂತಿರುತ್ತದೆ. ವಾಡಿಯಿಂದ ಸಿಮೆಂಟು ಹೊತ್ತ ಲಾರಿ, ಶಹಾಬಾದಿನಿಂದ ಫರ್ಸಿ ಹೊತ್ತ ಲಾರಿ, ಇವೆರಡರ ಕಾಲಡಿ ಸಿಕ್ಕ ಡಾಂಬರು ಎಷ್ಟು ದಿನ ಬಾಳೀತು? ರಸ್ತೆಯ ಕೋಪವನ್ನೆಲ್ಲ ಮೊದಲು ನುಂಗುವುದು ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಕೂಡಿಸಿದ ಪಾಟಾ. ಅಂಗಡಿಯ ಬಿಲ್ಲಿನಲ್ಲಿ ಅದಕ್ಕೆ ಲೀಫ್ ಸ್ಪ್ರಿಂಗ್ ಎಂದು ಬರೆದಿರುತ್ತಾರೆ.

ನಮ್ಮದು ಮಹೀಂದ್ರದ ಎಂಎಂ 540 ಜೀಪು. ಅಪ್ಪ ಕೊಂಡದ್ದು. ನಾಲ್ಕೂ ಗಾಲಿಗೆ ಪಾಟಾ. ಕಾಯ್ಲ್ ಸ್ಪ್ರಿಂಗಿನ ಸುಖ ಅದು ಕಂಡಿಲ್ಲ. ಅಪ್ಪನ ಕಾಲಕ್ಕೆ ಅದು ಜೀಪಲ್ಲ, ಸಣ್ಣ ಲಾರಿ. ರಾಶಿಯ ದಿನಗಳಲ್ಲಿ ತೊಗರಿ ಚೀಲ, ಮನೆ ಕಟ್ಟುವಾಗ ಫರ್ಸಿ, ನಾಲವಾರದ ಕೋರಿಸಿದ್ಧೇಶ್ವರ ಜಾತ್ರೆ ಬಂದರೆ ಬೀಗರು, ಬೀಗರ ಬೀಗರು. ಸನ್ನತಿಯ ಚಂದ್ರಲಾಂಬೆಗೆ ಹೋಗುವ ಭಕ್ತರು ಇಳಿಯುವುದು ನಾಲವಾರ ಸ್ಟೇಶನ್ನಿನಲ್ಲಿ. ಬಸ್ಸು ತಪ್ಪಿಸಿಕೊಂಡು ಗಂಟು ಹಿಡಿದು ನಿಂತವರನ್ನು ಕಂಡರೆ ಅಪ್ಪನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಒಮ್ಮೆ ಹಿಂದಿನ ಪಾಟಾ ಮುರಿದಾಗ, ಲಾರಿಯ ಹಳೆಯ ಪಟ್ಟಿಯನ್ನು ಕತ್ತರಿಸಿ ಎರಡೂ ಕಡೆ ಒಂದೊಂದು ಹೆಚ್ಚಿಗೆ ಸೇರಿಸಿಬಿಟ್ಟರು. "ಇನ್ನ ಹತ್ತ ಮಂದಿ ಕೂಡ್ಲಿ, ಬಗ್ಗಂಗಿಲ್ಲ" ಎಂದು ಊರಿಗೆಲ್ಲ ಹೇಳಿಕೊಂಡು ಬಂದರು. ನಿಜಕ್ಕೂ ಅದು ಬಗ್ಗಲಿಲ್ಲ. ಬಗ್ಗಿದ್ದು ನಮ್ಮ ಬೆನ್ನು.

ಅಪ್ಪ ಹೋದ ಮೇಲೆ ಜೀಪು ನನ್ನ ಪಾಲಿಗೆ ಬಂತು. ಈಗ ಅದರಲ್ಲಿ ಓಡಾಡುವುದು ನಾನು, ನನ್ನ ಹೆಂಡತಿ, ಹಂಗಾಮಿನಲ್ಲಿ ಒಂದು ಔಷಧಿ ಹೊಡೆಯುವ ಪಂಪು. ಖಾಲಿ ಜೀಪು ಸಣ್ಣ ತಗ್ಗಿಗೂ ಹಿಂಗಾಲು ಝಾಡಿಸುತ್ತಿತ್ತು. ಹೆಂಡತಿ ಸೇಡಂಗೆ ಹೋಗಬೇಕಾದರೆ ಬಸ್ಸೇ ವಾಸಿ ಎನ್ನತೊಡಗಿದಳು.

ಕೊನೆಗೆ ವಾಡಿಯ ಗ್ಯಾರೇಜಿಗೆ ಒಯ್ದೆ. ಅಲ್ಲಿಯ ಉಸ್ತಾದ್ ಜೀಪಿನಡಿ ಚೀಲ ಹಾಸಿ ಮಲಗಿ, ಸಣ್ಣ ಸುತ್ತಿಗೆಯಿಂದ ಪಟ್ಟಿಗಳನ್ನು ಒಂದೊಂದಾಗಿ ತಟ್ಟಿದರು. ಠಣ್, ಠಣ್, ಆಮೇಲೆ ಠಪ್. ಠಪ್ ಅಂದದ್ದನ್ನು ಬಿಚ್ಚಿ ತೆಗೆದರೆ ನಟ್ಟನಡುವೆ, ಸೆಂಟರ್ ಬೋಲ್ಟಿನ ತೂತಿನ ಹತ್ತಿರ, ಎರಡು ತುಂಡು. ಮುರಿದ ಮುಖವನ್ನು ನನ್ನ ಕಣ್ಣಿಗೆ ಹಿಡಿದರು: ಅರ್ಧ ಭಾಗ ತುಕ್ಕು ಹಿಡಿದು ಕಂದಾಗಿತ್ತು, ಉಳಿದರ್ಧ ಹೊಸ ಬೆಳ್ಳಿಯ ಹಾಗೆ ಮಿರುಗುತ್ತಿತ್ತು. ಬಿರುಕು ಎಂದೋ ಬಿಟ್ಟಿತ್ತು, ಪೂರ್ತಿ ಮುರಿದದ್ದು ಮಾತ್ರ ಮೊನ್ನೆ. ಯು ಬೋಲ್ಟು ಸಡಿಲಾದರೆ ಹೀಗೆಯೇ. ಪಟ್ಟಿ ಕುಣಿಯುವಾಗ ಭಾರವೆಲ್ಲ ಆ ತೂತಿನ ಬಾಯಿಗೆ ಬಂದು ಬೀಳುತ್ತದೆ. ಪಟ್ಟಿಗಳ ನಡುವೆ ಸಿಕ್ಕಿದ್ದ ಬೂದಿಬಣ್ಣದ ಪುಡಿಯನ್ನು ಉಸ್ತಾದ್ ಉಗುರಿನಿಂದ ಕೆರೆದು ತೋರಿಸಿದರು. 1968ರಿಂದ ವಾಡಿಯಲ್ಲಿ ಸಿಮೆಂಟು ಕಾರ್ಖಾನೆ ಇದೆ, ಫರ್ಸಿ ಗಣಿಗಳು ಅದಕ್ಕೂ ಹಳೆಯವು. ಧೂಳಿಗೆ ನಮ್ಮಲ್ಲಿ ಬರವಿಲ್ಲ. ಅದು ಪಟ್ಟಿಗಳ ನಡುವೆ ಕೂತು ಅರದಂತೆ ತಿನ್ನುತ್ತದೆ.

ಪಾಟಾ ಜೀಪಿಗಿಂತ ಬಹಳ ಹಿರಿಯ ಜೀವ. ಕುದುರೆ ಗಾಡಿಯ ಸಂತತಿ ಅದು. 1804ರಲ್ಲಿ ಇಂಗ್ಲೆಂಡಿನ ಒಬಡಯ ಎಲಿಯಟ್ ಎಂಬ ಸಾರೋಟು ಮಾಡುವವನು ಎರಡು ಬಿಲ್ಲುಗಳನ್ನು ಎದುರುಬದುರು ಕೂಡಿಸಿದಂಥ ಸ್ಪ್ರಿಂಗಿಗೆ ಪೇಟೆಂಟು ಪಡೆದ. ನಮ್ಮ ಎತ್ತಿನ ಬಂಡಿಗೆ ಆ ಭಾಗ್ಯವಿರಲಿಲ್ಲ. ಹುಲ್ಲು ಹಾಸಿ, ಮೇಲೆ ಕೌದಿ ಹಾಸಿದರೆ ಅದೇ ಸ್ಪ್ರಿಂಗು. ಬಿಲ್ಲಿನ ಸುಖ ಜನರಿಗೆ ಕೊಟ್ಟದ್ದು ಟಾಂಗಾ. 1871ರಲ್ಲಿ ಮುಂಬೈ ಕಡೆಯ ರೈಲೂ ಮದ್ರಾಸು ಕಡೆಯ ರೈಲೂ ರಾಯಚೂರಿನಲ್ಲಿ ಕೂಡಿದವು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹೊರಟಿತು. ರೈಲು ಇಳಿದವರನ್ನು ಊರೊಳಗೆ ಮುಟ್ಟಿಸಲು ಸ್ಟೇಶನ್ನಿನ ಮುಂದೆ ಟಾಂಗಾ ನಿಲ್ಲತೊಡಗಿತು. ಜೀಪು ಬಂದದ್ದು ಎಷ್ಟೋ ಆಮೇಲೆ, ಎರಡನೇ ಮಹಾಯುದ್ಧದ ಹೊತ್ತಿಗೆ. ಅಮೆರಿಕದ ವಿಲ್ಲೀಸ್ ಜೀಪಿನ ಬಿಡಿಭಾಗ ತರಿಸಿ ಮುಂಬೈಯಲ್ಲಿ ಜೋಡಿಸಲು ಶುರುಮಾಡಿದವರು ಮಹೀಂದ್ರದವರು, ಸ್ವಾತಂತ್ರ್ಯದ ಆಸುಪಾಸಿನಲ್ಲಿ.

ಆ ಯುದ್ಧಕಾಲದ ವಿಲ್ಲೀಸಿನ ಒಂದು ಸಂಗತಿ ನನಗೆ ಬಲು ಮೆಚ್ಚು. ಅದರ ಮುಂದಿನ ಎಡಗಡೆಯ ಪಾಟಾ ಬಲಗಡೆಯದ್ದಕ್ಕಿಂತ ಬಿರುಸು. ಡ್ರೈವರನೂ ಅವನ ಸೀಟಿನಡಿಯ ಪೆಟ್ರೋಲ್ ಟ್ಯಾಂಕೂ ಎಡಕ್ಕೇ ಇದ್ದವು ನೋಡಿ, ಅದಕ್ಕೆ. ಯುದ್ಧದ ಅವಸರದಲ್ಲಿ ಲಕ್ಷಗಟ್ಟಲೆ ಗಾಡಿ ಕಟ್ಟುವಾಗಲೂ ಒಬ್ಬ ಮನುಷ್ಯನ ಭಾರ, ಒಂದು ಟ್ಯಾಂಕಿನ ಭಾರ ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕಿದವರು ಇದ್ದರು.

ನಮ್ಮ ಮನೆಯಲ್ಲಿ ಲೆಕ್ಕ ಹಾಕುವವರಿಗಿಂತ ಸಲಹೆ ಕೊಡುವವರು ಹೆಚ್ಚು. ಅಕ್ಕನ ಮಗ ಬೆಂಗಳೂರಿನಿಂದ ಫೋನು ಮಾಡಿದ. "ಮಾಮಾ, ಪ್ಯಾರಾಬೋಲಿಕ್ ಹಾಕ್ಸ್ರಿ, ಎರಡಿಂಚ್ ಮ್ಯಾಲ ಎಬ್ಬಸ್ರಿ, ಗಾಡಿ ಹುಲಿ ಆಗ್ತದ." ಪ್ಯಾರಾಬೋಲಿಕ್ ಪಾಟಾ ಕೆಟ್ಟದ್ದೇನಲ್ಲ. ಪಟ್ಟಿ ಕಡಿಮೆ, ನಡುವೆ ದಪ್ಪ, ತುದಿಗೆ ತೆಳು, ಒಂದಕ್ಕೊಂದು ತಿಕ್ಕಾಟ ಕಡಿಮೆ, ಹಾಗಾಗಿ ಮೆತ್ತಗಿರುತ್ತದೆ. ಆದರೆ ಗಾಡಿಯನ್ನು ಎತ್ತರಿಸಿದರೆ ಪ್ರೊಪೆಲರ್ ಶಾಫ್ಟಿನ ಕೋನ ಬದಲಾಗಿ ಕ್ರಾಸು ಬೇಗ ಸವೆಯುತ್ತದೆ, ಬ್ರೇಕಿನ ಹೋಸು ಜಗ್ಗುತ್ತದೆ, ತಿರುವಿನಲ್ಲಿ ಗಾಡಿ ವಾಲುತ್ತದೆ. ಚಿಂಚೋಳಿಯ ಕಾಡಿನ ದಾರಿ ದಿನಾ ಹಿಡಿಯುವವನಿಗೆ ಎತ್ತರ ಬೇಕಾದೀತು. ಹೊಲಕ್ಕೂ ಸಂತೆಗೂ ಹೋಗುವ ನನಗೆ ಹುಲಿ ಯಾಕೆ? ಎತ್ತರಿಸಿದ ಜೀಪು ಹತ್ತಲು ನನ್ನ ಹೆಂಡತಿಗೆ ಮತ್ತೊಂದು ಏಣಿ ಕೊಳ್ಳಬೇಕು.

ಇನ್ನೊಬ್ಬರು ಹಳೆಯ ಪಾಟಾವನ್ನೇ ಬಡಿಸಿ ಎಬ್ಬಿಸು, ಅಗ್ಗ ಎಂದರು. ತಣ್ಣಗಿದ್ದಾಗಲೇ ಬಡಿದು ಎಬ್ಬಿಸಿದ ಬಿಲ್ಲು ಬಹಳ ದಿನ ನಿಲ್ಲುವುದಿಲ್ಲ. ಪಾಟಾದ ಉಕ್ಕಿಗೆ ಸಿಲಿಕಾನ್, ಮ್ಯಾಂಗನೀಸ್ ಬೆರೆಸಿರುತ್ತಾರೆ. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಇಳಿಸುತ್ತಾರೆ. ಆ ಹದವನ್ನು ರಸ್ತೆಬದಿಯ ಸುತ್ತಿಗೆ ತಂದುಕೊಡಲಾರದು.

"ಮಾಸ್ತರ್ರ, ಗಾಡ್ಯಾಗ ಏನ್ ಹೇರ್ತೀರಿ ಅದು ಮೊದಲ ಹೇಳ್ರಿ. ಪಾಟಾ ಆಮ್ಯಾಲ" ಎಂದರು ಉಸ್ತಾದ್. ನೂರು ಮಾತಿಗೆ ಇದೊಂದು ಮಾತು. ಪಟ್ಟಿಗಳ ಸಂಖ್ಯೆ ಹೆಚ್ಚಿಸಿದರೆ ಬಿರುಸು ಆ ಲೆಕ್ಕದಲ್ಲೇ ಏರುತ್ತದೆ. ದಪ್ಪ ಹೆಚ್ಚಿಸಿದರೆ ಘನದ ಲೆಕ್ಕದಲ್ಲಿ ಏರುತ್ತದೆ. 6 ಮಿಲಿಮೀಟರ್ ಪಟ್ಟಿಯ ಜಾಗದಲ್ಲಿ ಅಷ್ಟೇ ಉದ್ದಗಲದ 8 ಮಿಲಿಮೀಟರ್ ಪಟ್ಟಿ ಹಾಕಿ ನೋಡಿ, ಅದೊಂದೇ ಸುಮಾರು 2.4 ಪಟ್ಟು ಬಿರುಸು. ಲಾರಿಯ ಪಟ್ಟಿ ಸೇರಿಸಿದ ಅಪ್ಪ ಒಂದು ಪಟ್ಟಿ ಸೇರಿಸಿದೆನೆಂದು ತಿಳಿದಿದ್ದರು. ಜೀಪಿಗೆ ತಿಳಿದದ್ದು ಬೇರೆ. ಆದರೆ ಅಂದಿನ ಭಾರಕ್ಕೆ ಅದು ಸರಿಯಾಗಿಯೇ ಇತ್ತೆಂದು ಒಪ್ಪಬೇಕು. ತೊಗರಿ ಚೀಲ ಹೊತ್ತಾಗ ಜೀಪು ಪಲ್ಲಕ್ಕಿಯಂತೆ ಸಾಗುತ್ತಿತ್ತು. ಚೀಲ ಇಳಿದ ಮೇಲೂ ಪಟ್ಟಿ ಉಳಿಯಿತು, ಅದೇ ತಕರಾರು.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಜೀಪನ್ನು ಲಾರಿ ತೂಗುವ ಕಾಟಾಕ್ಕೆ ಒಯ್ದೆ. ತೊಗರಿ ಲಾರಿಗಳ ಸಾಲಿನಲ್ಲಿ ಖಾಲಿ ಜೀಪು ನಿಲ್ಲಿಸಿದ್ದಕ್ಕೆ ಕಾಟಾದ ಹುಡುಗ ನಕ್ಕ. ಮೊದಲು ಮುಂದಿನ ಗಾಲಿಗಳನ್ನಷ್ಟೇ ಹತ್ತಿಸಿ ಒಂದು ಚೀಟಿ, ಆಮೇಲೆ ಹಿಂದಿನವನ್ನಷ್ಟೇ ನಿಲ್ಲಿಸಿ ಇನ್ನೊಂದು ಚೀಟಿ. ಇಂಜಿನ್ನಿನ ಭಾರ ಹೊತ್ತ ಮುಂಭಾಗವೇ ಹೆಚ್ಚು ತೂಗಿತು. ಅಪ್ಪ ಪಾಟಾ ಸೇರಿಸಿದ ಹಿಂಭಾಗ ಹಗುರ. ಉಸ್ತಾದ್ ಚೀಟಿ ನೋಡಿ ಬೇರೆ ಮಾತಾಡಲಿಲ್ಲ. ಕಂಪನಿ ಕೊಟ್ಟಷ್ಟೇ ಪಟ್ಟಿ, ಕಂಪನಿ ಕೊಟ್ಟಷ್ಟೇ ದಪ್ಪ, ಎಡಬಲ ಎರಡೂ ಒಟ್ಟಿಗೆ, ಬುಶ್ಶು, ಸೆಂಟರ್ ಬೋಲ್ಟು, ಯು ಬೋಲ್ಟು ಎಲ್ಲ ಹೊಸದು. ಯು ಬೋಲ್ಟು ಒಮ್ಮೆ ಜಗ್ಗಿದ ಮೇಲೆ ಮೊದಲಿನ ಬಿಗಿ ಹಿಡಿಯುವುದಿಲ್ಲ, ಅಲ್ಲಿ ಉಳಿತಾಯ ನೋಡಬಾರದು. ಅಪ್ಪನ ಲಾರಿ ಪಟ್ಟಿಗಳನ್ನು ಕಂಬಾರರಿಗೆ ಕೊಟ್ಟೆ. ಕೊಡಲಿಗೂ ಕುಡಗೋಲಿಗೂ ಪಾಟಾದ ಉಕ್ಕಿನಷ್ಟು ಒಳ್ಳೆಯದು ಸಿಗದು ಎಂದು ತೂಕದ ರೊಕ್ಕ ಕೈಗಿಟ್ಟರು.

ಹೆಂಡತಿ ಈಗ ಸೇಡಂಗೆ ಜೀಪಿನಲ್ಲೇ ಬರುತ್ತಾಳೆ. ರಸ್ತೆ ಸುಧಾರಿಸಿತೇ ಎಂದು ಕೇಳಿದಳು, ಇಲ್ಲ ಎಂದೆ.

ಹಳೆಯ ಜೀಪು ಇಟ್ಟುಕೊಂಡವರಿಗೆ ನನ್ನದು ಎರಡೇ ಮಾತು. ಅಂಗಡಿಯವರು ಎಷ್ಟು ಇಂಚು ಎತ್ತರಿಸಬೇಕೆಂದು ಕೇಳುವ ಮೊದಲು ನೀವು ಕಾಟಾದ ಚೀಟಿ ಅವರ ಮುಂದೆ ಇಡಿ. ಹೊಸ ಪಾಟಾ ಕೂಡಿಸಿ ನಾಲ್ಕೈದು ನೂರು ಕಿಲೋಮೀಟರ್ ಓಡಿಸಿದ ಮೇಲೆ ಗ್ಯಾರೇಜಿಗೆ ಮರಳಿ ಹೋಗಿ ಯು ಬೋಲ್ಟು ಇನ್ನೊಮ್ಮೆ ಬಿಗಿಸಿಕೊಳ್ಳಿ; ಪಟ್ಟಿಗಳು ಒಂದರ ಮೇಲೊಂದು ಕೂತಂತೆ ಅವು ಸಡಿಲಾಗೇ ಆಗುತ್ತವೆ.