ಹೊಳೆಸಾಲಿನ ಕಂಬಾರಸಾಲಿ

ಬೇಸಿಗೆ ರಜೆಯಲ್ಲಿ ಮಗನನ್ನು ಕರೆದುಕೊಂಡು ಹಳ್ಳೂರಿಗೆ ಹೊರಟಾಗ ಮನೆಯಲ್ಲಿ ಯಾರಿಗೂ ಅಂಥ ಉತ್ಸಾಹವಿರಲಿಲ್ಲ. "ಅಲ್ಲಿ ನೋಡಲಿಕ್ಕೆ ಏನಿದೆ?" ಎಂದು ಹೆಂಡತಿ ಕೇಳಿದಳು. "ಒಂದು ದಿಬ್ಬ" ಎಂದೆ. ಇತಿಹಾಸದ ಮೇಷ್ಟರನ್ನು ಮದುವೆಯಾದವರಿಗೆ ಇಂಥ ಉತ್ತರ ಹೊಸದಲ್ಲ.

ಹಳ್ಳೂರು ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಡದ ಊರು. 1965ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ಇಲ್ಲಿಯ ದಿಬ್ಬವನ್ನು ಅಗೆಸಿದಾಗ ಶಿಲಾಯುಗದ ಪದರಗಳ ಮೇಲೆ ಕಬ್ಬಿಣದ ವಸ್ತುಗಳು ಸಿಕ್ಕವು. ಇಂಗಾಲದ ಕಾಲಗಣನೆ ಅವನ್ನು ಕ್ರಿ.ಪೂ. 1000ದ ಸುಮಾರಿಗೆ ಒಯ್ದು ನಿಲ್ಲಿಸಿತು. ದಕ್ಷಿಣದ ಕಬ್ಬಿಣಕ್ಕೆ ಅಷ್ಟು ವಯಸ್ಸು ಕೊಡಲು ಅದುವರೆಗೆ ವಿದ್ವಾಂಸರು ಹಿಂದೆಮುಂದೆ ನೋಡುತ್ತಿದ್ದರು. ಈಚಿನ ವರ್ಷಗಳಲ್ಲಿ ತಮಿಳುನಾಡಿನ ನೆಲದಿಂದ ಇನ್ನೂ ಹಿಂದಿನ ಕಾಲಮಾನಗಳು ಬಂದಿವೆ. ಆದರೂ ಮೊದಲು ಬಾಗಿಲು ತೆರೆದ ಊರುಗಳಲ್ಲಿ ಹಳ್ಳೂರೂ ಒಂದು.

ದಿಬ್ಬವನ್ನು ನೋಡಿ ಮುಗಿಸಲು ಅರ್ಧ ಗಂಟೆ ಸಾಕಾಯಿತು. ಮಣ್ಣು, ಮಡಕೆಯ ಚೂರು, ಜಾಲಿ, ಆಚೆಗೆ ಸೊರಗಿದ ಹೊಳೆ. ಮಗ ಮರ್ಯಾದೆಗೆಂಬಂತೆ ಎರಡು ಫೋಟೋ ತೆಗೆದ.

ನಾವು ಇಳಿದುಕೊಂಡಿದ್ದು ಅಲ್ಲಿಗೆ ಸಮೀಪದ ಹಳ್ಳಿಯೊಂದರಲ್ಲಿ, ನನ್ನ ಕಾಲೇಜಿನ ಗೆಳೆಯನ ಮನೆಯಲ್ಲಿ. ಅವನು ಅಲ್ಲಿಯ ಶಾಲೆಯ ಮಾಸ್ತರ. "ಸತ್ತ ಕಬ್ಬಿಣ ನೋಡಿದಿರಿ. ಜೀವಂತ ಇರೋದನ್ನ ನೋಡ್ರಿ ಬರ್ರಿ" ಎಂದು ಸಂಜೆ ಊರ ಅಂಚಿನ ಕಂಬಾರಸಾಲಿಗೆ ಕರೆದೊಯ್ದ. ನಮ್ಮ ಕಡೆ ಕುಲುಮೆ ಎನ್ನುವುದನ್ನು ಇಲ್ಲಿ ಹಾಗೆನ್ನುತ್ತಾರೆ. ಮಕ್ಕಳು ಓದುವುದೂ ಸಾಲಿಯೇ, ಕಬ್ಬಿಣ ಬಡಿಯುವುದೂ ಸಾಲಿಯೇ.

ಮೇ ತಿಂಗಳು ಈ ಸಾಲಿಯ ಹಂಗಾಮು. ಮೊದಲ ಮಳೆ ಬೀಳುವುದರೊಳಗೆ ರಂಟೆ, ಕುಂಟೆಗಳ ಕುಡ ಹಣಿಯಬೇಕು, ಕೂರಿಗೆ ಸರಿಪಡಿಸಬೇಕು. ಟ್ರ್ಯಾಕ್ಟರ್ ಬಂದ ಮೇಲೆ ಕೆಲಸ ಅರ್ಧ ಹೋಗಿದೆ. ಉಳಿದ ಅರ್ಧಕ್ಕೇ ಬಾಗಿಲಲ್ಲಿ ಹತ್ತು ಜನ ಕುಳಿತಿದ್ದರು. ತಿದಿಯ ಜಾಗದಲ್ಲಿ ಈಗ ಕರೆಂಟಿನ ಪಂಖ. ಎಪ್ಪತ್ತರ ಹತ್ತಿರದ ಅಜ್ಜ ಮಣೆಯ ಮೇಲೆ ಕುಳಿತು, ನೆಲಕ್ಕೆ ಹುಗಿದ ಅಡೆಗಲ್ಲಿನ ಮೇಲೆ ಕೆಂಪಾದ ಕುಡವನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸುತ್ತಿದ್ದರು. ಎದುರಿಗೆ ಸೆರಗು ಬಿಗಿದು ನಿಂತ ಸೊಸೆ ಚಮ್ಮಟಿಗೆ ಬೀಸುತ್ತಿದ್ದಳು. ಅಜ್ಜನ ಸಣ್ಣ ಸುತ್ತಿಗೆ ಎಲ್ಲಿ ತಾಗಿತೋ ಮರುಕ್ಷಣವೇ ಸೊಸೆಯ ದೊಡ್ಡ ಏಟು ಅಲ್ಲಿಗೆ. ಮಾತೇ ಇಲ್ಲ.

ಮಗ ಮೆಕಾನಿಕಲ್ ಡಿಪ್ಲೊಮಾದ ಎರಡನೆಯ ವರ್ಷ ಮುಗಿಸಿದ್ದ. ವರ್ಕ್‌ಶಾಪಿನಲ್ಲಿ ಒಂದೆರಡು ಸಲ ಸಲಾಕೆ ಬಡಿದದ್ದಷ್ಟೇ ಅವನ ಅನುಭವ. ಅಂದು ರಾತ್ರಿ ಊಟಕ್ಕೆ ಕುಳಿತಾಗ, "ಅಪ್ಪಾ, ನಾನು ಹತ್ತು ದಿನ ಇಲ್ಲೇ ಇರಲಾ?" ಎಂದ. ಮೊಬೈಲು ಬಿಟ್ಟು ಇನ್ನೊಂದನ್ನು ಕೈಯಲ್ಲಿ ಹಿಡಿಯುತ್ತೇನೆಂದು ಮಗ ತಾನಾಗಿ ಕೇಳಿದರೆ ಯಾವ ತಂದೆ ಬೇಡವೆನ್ನುತ್ತಾನೆ? ಗೆಳೆಯನ ಮನೆಯಲ್ಲಿ ಬಿಟ್ಟು ನಾನು ಊರಿಗೆ ಮರಳಿದೆ.

ಮೂರನೆಯ ದಿನ ಫೋನಿನಲ್ಲಿ ಅವನು, "ಸ್ವಲ್ಪ ಕೈ ನೋಯ್ತಿದೆ" ಎಂದಿದ್ದ. ನಾನು ಹೇಳಿದ ಮಾತು ಈಗಲೂ ನೆನಪಿದೆ. "ನೋಯದೆ ಇರುತ್ತದೆಯೇ? ಪಳಗುತ್ತದೆ, ಬಿಡಬೇಡ." ಅವನು ಮತ್ತೆ ಆ ಮಾತೆತ್ತಲಿಲ್ಲ.

ಆರನೆಯ ದಿನ ಗೆಳೆಯನ ಫೋನು. "ಅಜ್ಜ ಹುಡುಗನ್ನ ಕರಕೊಂಡು ಹೋಗಂತಾರ. ನೀ ಬಾ."

ಹೋಗಿ ನೋಡಿದರೆ ಹುಡುಗನ ಬಲಗೈ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಬಾತಿದೆ. ಹಲ್ಲುಜ್ಜುವ ಬ್ರಷ್ಷನ್ನು ಎಡಗೈಯಲ್ಲಿ ಹಿಡಿಯುತ್ತಿದ್ದಾನೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ಎರಡು ದಿನ ಗುಟ್ಟಾಗಿ ನುಂಗಿದ್ದಾನೆ. ಅಜ್ಜನಿಗೆ ಅವನಾಗಿ ಏನೂ ಹೇಳಿರಲಿಲ್ಲ.

"ಹೆಂಗ್ ಗೊತ್ತಾತು ಅಜ್ಜಾ?" ಎಂದು ಗೆಳೆಯ ಕೇಳಿದ.

"ಸಪ್ಪಳ ಬದಲಾತ್ರೀ ಮಾಸ್ತರ" ಎಂದರು ಅಜ್ಜ. "ಸುತ್ತಿಗಿ ಸಡಲ ಹಿಡಿದ್ರ ಅದು ತಾನ ಪುಟದೇಳ್ತೈತಿ, ಸಪ್ಪಳ ತೆರೀತೈತಿ. ಅಂಜಿ ಗಟ್ಟಿ ಹಿಡಿದ್ರ ಸಪ್ಪಳ ಅಲ್ಲೇ ಸಾಯ್ತೈತಿ. ಇವಂದು ಮೂರು ದಿನದಿಂದ ಸಾಯಾಕತ್ತಿತ್ತು."

ಆಮೇಲೆ ಮಗನನ್ನು ಮತ್ತೆ ಅಡೆಗಲ್ಲಿನ ಮುಂದೆ ನಿಲ್ಲಿಸಿ, ಏಟು ಹಾಕಗೊಡದೆ, ತಪ್ಪುಗಳನ್ನು ಒಂದೊಂದಾಗಿ ತೋರಿಸಿದರು. ಅವನಿಗೆಂದು ಮರದ ಕೊರಡಿನ ಮೇಲೆ ರೈಲುಹಳಿಯ ತುಂಡೊಂದನ್ನು ಕೂಡಿಸಿ ಅಡೆಗಲ್ಲು ಮಾಡಿದ್ದರು. ಅದರ ಎತ್ತರ ಸರಿಯಾಗಿಯೇ ಇತ್ತು. ನೆಟ್ಟಗೆ ನಿಂತು ಕೈ ಇಳಿಬಿಟ್ಟು ಮುಷ್ಟಿ ಕಟ್ಟಿದರೆ ಬೆರಳಗೆಣ್ಣು ಹಳಿಯ ಮೈಗೆ ತಾಗುವಷ್ಟು. ಅದಕ್ಕಿಂತ ಮೇಲಿದ್ದರೆ ಹೆಗಲು, ಕೆಳಗಿದ್ದರೆ ಸೊಂಟ ಮಾತಾಡುತ್ತದೆಯಂತೆ. ಕೆಟ್ಟದ್ದು ಹಿಡಿತ. ಹುಡುಗ ಹೆಬ್ಬೆರಳನ್ನು ಕಾವಿನ ಮೇಲೆ ಉದ್ದಕ್ಕೆ ಚಾಚಿ ಒತ್ತಿ ಹಿಡಿಯುತ್ತಿದ್ದ. ಗುರಿ ತಪ್ಪದಿರಲೆಂದು ಹೊಸಬರು ಹೀಗೆ ಮಾಡುತ್ತಾರೆ. ಏಟಿನ ಪೆಟ್ಟೆಲ್ಲ ಆ ಹೆಬ್ಬೆರಳಿನ ಬುಡಕ್ಕೇ ಹೋಗಿ ಕೂಡುತ್ತದೆ.

ಇನ್ನೊಂದು ಅವಸರದ್ದು. ಮೂರನೆಯ ದಿನಕ್ಕೇ ಅವನು ಒಂದು ಕಿಲೋದ ಸುತ್ತಿಗೆ ಬಿಟ್ಟು ದೊಡ್ಡದನ್ನು ಎತ್ತಿಕೊಂಡಿದ್ದನಂತೆ. ಸೊಸೆ ಬೀಸುವುದನ್ನು ಕಂಡು ನಾಚಿಕೆಯಾಗಿರಬೇಕು. ಕೆಂಪು ಆರಿ ಕಬ್ಬಿಣ ಕಪ್ಪಾದ ಮೇಲೂ, ಮತ್ತೆ ಮತ್ತೆ ಬೆಂಕಿಗೆ ಇಟ್ಟರೆ ನಗುತ್ತಾರೆಂದು, ಬಡಿಯುತ್ತಲೇ ಇದ್ದ. ಕಾದ ಕಬ್ಬಿಣ ಏಟನ್ನು ತಾನು ನುಂಗಿ ಬಾಗುತ್ತದೆ. ತಣ್ಣಗಾದದ್ದು ನುಂಗುವುದಿಲ್ಲ, ಹೊಡೆದವನ ಕೈಗೇ ವಾಪಸು ಕಳಿಸುತ್ತದೆ. ಭೌತಶಾಸ್ತ್ರದ ಪರೀಕ್ಷೆಯಲ್ಲಿ ಇವನು ಇದನ್ನು ಬರೆದು ಅಂಕ ತೆಗೆದವನೇ.

"ಸುತ್ತಿಗಿ ಎತ್ತೂದು ನಿನ್ನ ಕೆಲಸ, ಬೀಳೂದು ಅದರ ಕೆಲಸ. ಅದರ ಕೆಲಸಾನೂ ನೀನ ಮಾಡಾಕ ಹೋಗಬ್ಯಾಡೋ ತಮ್ಮಾ" ಎಂದರು ಅಜ್ಜ.

ಎಡಗೈಯ ವಿಚಾರ ನನಗೆ ಹೊಳೆದೇ ಇರಲಿಲ್ಲ. ಸುತ್ತಿಗೆಯ ಕೈಗಾದರೂ ಏಟಿಗೂ ಏಟಿಗೂ ನಡುವೆ ಬಿಡುವುಂಟು. ಇಕ್ಕಳದ ಕೈಗೆ ಅದೂ ಇಲ್ಲ, ದಿನವಿಡೀ ಅಮುಕಿ ಹಿಡಿದೇ ಇರಬೇಕು. ಅದಕ್ಕೆಂದೇ ಅಜ್ಜನ ಇಕ್ಕಳಗಳ ಹಿಡಿಗೆ ಒಂದೊಂದು ಕಬ್ಬಿಣದ ಬಳೆ ಇತ್ತು. ಕಬ್ಬಿಣವನ್ನು ಬಾಯಿಗೆ ಕೊಟ್ಟು ಬಳೆಯನ್ನು ಹಿಡಿಯ ಉದ್ದಕ್ಕೆ ಸರಿಸಿದರೆ ಅದೇ ಬಿಗಿದು ಕೂರುತ್ತದೆ, ಕೈ ಸಡಿಲ ಬಿಡಬಹುದು. ಮಗ ಬಳೆಯನ್ನು ಅಲಂಕಾರವೆಂದು ತಿಳಿದಿದ್ದ!

ನೋವಿನಲ್ಲಿ ಎರಡು ಜಾತಿ ಎಂದು ಅಜ್ಜ ಹೇಳಿದ್ದನ್ನು ನಾನು ಚೀಟಿಯಲ್ಲಿ ಬರೆದುಕೊಂಡೆ. ಮುಂಗೈ ತುಂಬ ಹರಡಿಕೊಂಡು ಎರಡು ದಿನಕ್ಕೆ ಹೋಗುವುದು ಮಾಂಸದ ನೋವು, ಅದಕ್ಕೆ ಅಂಜಬೇಕಾಗಿಲ್ಲ. ಒಂದೇ ಬೆರಳಿಟ್ಟು "ಇಲ್ಲೇ" ಎಂದು ತೋರಿಸಬಹುದಾದದ್ದು, ಬೆಳಗ್ಗೆ ಎದ್ದಾಗಲೂ ಅಲ್ಲೇ ಕುಳಿತಿರುವುದು ಇನ್ನೊಂದು. ಅದು ಬಂದ ದಿನವೇ ಸುತ್ತಿಗೆ ಕೆಳಗಿಡಬೇಕು. ನಾನು ಫೋನಿನಲ್ಲಿ ಕೊಟ್ಟ ಉಪದೇಶ ಈ ಎರಡನೆಯದಕ್ಕೆ ಎಂಬುದನ್ನು ಯಾರಿಗೂ ಹೇಳಲಿಲ್ಲ. ಮಗನೂ ಹೇಳಲಿಲ್ಲ.

ಇಷ್ಟೆಲ್ಲ ಬಲ್ಲವರು ತಮ್ಮ ಕೈಯನ್ನು ಏನು ಮಾಡಿಕೊಂಡಿದ್ದರು ಎಂಬುದು ಗೊತ್ತಾದದ್ದು ಹೊರಡುವ ಹೊತ್ತಿಗೆ. ಗಿರಾಕಿಯೊಬ್ಬ ಕೊಟ್ಟ ನಾಣ್ಯ ನೆಲಕ್ಕೆ ಬಿತ್ತು. ಅಜ್ಜ ಬಗ್ಗಿ ಎತ್ತಲು ಹೋದರೆ ಬೆರಳಿಗೆ ಸಿಗುತ್ತಿಲ್ಲ. ಮೂರು ಸಲ ಜಾರಿತು. ಸೊಸೆ ಬಂದು ಎತ್ತಿಕೊಟ್ಟಳು. "ಅಂಗಿ ಗುಂಡಿನೂ ನಾನ ಹಾಕಬೇಕ್ರೀ ಅಣ್ಣಾರ. ರಾತ್ರಿ ಎದ್ದು ಕೂತು ಕೈ ಜಾಡಿಸ್ತಾರ. ಡಾಕ್ಟರ ಕಡೆ ಹೋಗೂಣು ಅಂದ್ರ ವಯಸ್ಸಾತು ಅಂತಾರ" ಎಂದಳು. ಗೆಳೆಯನೂ ನಾನೂ ಸೇರಿ, ಹುಡುಗನ ಜೊತೆಗೆಂದು ನೆವ ಹೇಳಿ, ಅಜ್ಜನನ್ನೂ ಪಟ್ಟಣಕ್ಕೆ ಕರೆದೊಯ್ದೆವು.

ಎಲುಬಿನ ವೈದ್ಯರು ಮೊದಲು ಕೇಳಿದ್ದು, "ಏನು ಕೆಲಸ ಮಾಡ್ತೀರಿ?" ಎಂದು. ಈ ಪ್ರಶ್ನೆಗೆ ಹಿರಿಯ ಚರಿತ್ರೆಯಿದೆ. ರೋಗಿಯನ್ನು ಕಾಣುವ ವೈದ್ಯ ಅವನ ಕಸುಬನ್ನು ಕೇಳಬೇಕೆಂದು ಪಟ್ಟು ಹಿಡಿದವನು ಇಟಲಿಯ ಬರ್ನಾರ್ದಿನೊ ರಮಾಜಿನಿ. ಕಸುಬುದಾರರ ಕಾಯಿಲೆಗಳ ಮೇಲೆ 1700ರಲ್ಲಿ ಪುಸ್ತಕವನ್ನೇ ಬರೆದ. ಅದನ್ನು 1713ರಲ್ಲಿ ಹಿಗ್ಗಿಸಿದಾಗ ದಿನವಿಡೀ ಲೇಖನಿ ಹಿಡಿದು ಕೈ ಸೋತ ಗುಮಾಸ್ತರನ್ನೂ ಸೇರಿಸಿದ. ಪರೀಕ್ಷೆಯ ಮೂರನೆಯ ಗಂಟೆಯಲ್ಲಿ ಪೆನ್ನನ್ನು ಹಿಸುಕಿ ಹಿಡಿಯುವ ನಮ್ಮ ಮಕ್ಕಳು ಆ ಗುಮಾಸ್ತರ ಸಂಬಂಧಿಕರೇ.

ಮಗನಿಗೆ ವೈದ್ಯರು ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಸಿ, ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಬಾಗಿಸಿದರು. ಹುಡುಗ ಕುರ್ಚಿಯಿಂದ ಎದ್ದೇಬಿಟ್ಟ. ಹೆಬ್ಬೆರಳನ್ನು ಎಳೆಯುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಬಳಿ ಒಂದು ಕಿರಿದಾದ ಕೊಳವೆಯಲ್ಲಿ ಹಾದುಹೋಗುತ್ತವೆ. ಅತಿಯಾಗಿ ಉಜ್ಜಿದರೆ ಕೊಳವೆಯ ಗೋಡೆ ದಪ್ಪವಾಗಿ ಅವಕ್ಕೆ ದಾರಿ ಸಾಲದಾಗುತ್ತದೆ. 1895ರಲ್ಲಿ ಇದನ್ನು ವಿವರಿಸಿದ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಡಿ ಕೆರ್ವೆಯ್ನ್ ಹೆಸರೇ ಕಾಯಿಲೆಗೂ ಉಳಿದಿದೆ. ಬೇಗ ಬಂದಿರಿ ಎಂದರು. ಹೆಬ್ಬೆರಳು ಅಲುಗದಂತೆ ಪಟ್ಟಿ, ಕೆಲವು ವಾರ ವಿಶ್ರಾಂತಿ. ಸುತ್ತಿಗೆಯಷ್ಟೇ ಅಲ್ಲ, ಹೆಬ್ಬೆರಳಲ್ಲಿ ಮೊಬೈಲು ಒತ್ತುವುದೂ ಬೇಡವೆಂದರು. ಅವನ ಮುಖ ಬಾಡಿದ್ದು ಆಗಲೇ.

ಅಜ್ಜನ ಸರದಿಗೆ ವೈದ್ಯರು ಹೆಚ್ಚು ಹೊತ್ತು ತೆಗೆದುಕೊಂಡರು. ಯಾವ ಬೆರಳು ಜೋಮು ಹಿಡಿಯುತ್ತದೆ? ಹೆಬ್ಬೆರಳು, ತೋರುಬೆರಳು, ನಡುಬೆರಳು. ಕಿರುಬೆರಳು? "ಅದಕ್ಕೇನೂ ಆಗಿಲ್ರೀ." ವೈದ್ಯರು ತಲೆಯಾಡಿಸಿದರು. ಮಣಿಕಟ್ಟಿನ ನಡುವೆ ಎಲುಬಿನ ಸುರಂಗವೊಂದರಲ್ಲಿ ಹಾದುಬರುವ ನರ ಆ ಮೂರು ಬೆರಳುಗಳದ್ದು, ಉಂಗುರಬೆರಳಿನ ಅರ್ಧದ್ದು. ಕಿರುಬೆರಳಿನ ನರ ಬೇರೆ ದಾರಿ. ಸುರಂಗದಲ್ಲಿ ಬಾವು ಬಂದು ನರ ಒತ್ತಿದರೆ ರಾತ್ರಿ ಜೋಮು ಏಳಿಸುತ್ತದೆ, ಕೈ ಜಾಡಿಸಿದರೆ ತುಸು ಹಗುರ. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆಯಿದ್ದವರಿಗೂ ಇದು ಬರುವುದುಂಟಾದ್ದರಿಂದ ರಕ್ತ ಪರೀಕ್ಷೆಗೂ ಬರೆದರು. ಕೊನೆಗೆ ಅಜ್ಜನ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಇಡಿಸಿದರು. ಬಲಗೈ ಹೆಬ್ಬೆರಳಿನ ಬುಡದ ಉಬ್ಬು ಮಾಂಸ ಇಳಿದು ಗುಳಿ ಬಿದ್ದಿತ್ತು. ಐವತ್ತು ವರ್ಷ ಕಬ್ಬಿಣ ಬಾಗಿಸಿದ ಕೈ.

"ಮೊದಲೇ ಬಂದಿದ್ದರೆ ರಾತ್ರಿ ಮಣಿಕಟ್ಟು ನೆಟ್ಟಗಿರುವಂತೆ ಪಟ್ಟಿ ಕಟ್ಟಿಯೇ ಸಾಕಾಗುತ್ತಿತ್ತೇನೋ" ಎಂದರು ವೈದ್ಯರು. "ಈಗ ಸಣ್ಣ ಶಸ್ತ್ರಚಿಕಿತ್ಸೆ ಬೇಕು. ಜೋಮು ಹೋಗುತ್ತದೆ ಎನ್ನಬಹುದು. ಕಳೆದ ಶಕ್ತಿಯೆಲ್ಲ ವಾಪಸು ಬರುತ್ತದೆ ಎನ್ನಲಾರೆ."

ಅಜ್ಜ ಅಂಗೈ ನೋಡಿಕೊಳ್ಳುತ್ತ, "ಕಾರಹುಣ್ಣಿವಿ ಆಗ್ಲಿ ಸಾಹೇಬ್ರ. ಬಿತ್ತಗಿ ಮುಗೀಲಿ" ಎಂದರು.

ವಾಪಸು ಬರುವ ಬಸ್ಸಿನಲ್ಲಿ ಮಗ ಅಜ್ಜನ ಪಕ್ಕ ಕುಳಿತಿದ್ದ. "ಹುಡುಗನ ಸಪ್ಪಳ ಕೇಳಿಸಿತು, ನಿಮ್ಮದು ಯಾಕೆ ಕೇಳಿಸಲಿಲ್ಲ ಅಜ್ಜಾ?" ಎಂದು ನಾನು ಕೇಳಿಯೇಬಿಟ್ಟೆ. ಅವರು ಕಿಟಕಿಯಾಚೆ ನೋಡುತ್ತ, "ನಂದು ಮೆಲ್ಲಕ ಬದಲಾತ್ರೀ. ದಿನಾ ಕೇಳಾವ್ರಿಗೆ ತಿಳಿಯಂಗಿಲ್ಲ" ಎಂದರು.

ದೀಪಾವಳಿಯ ರಜೆಯಲ್ಲಿ ನಾವು ಮತ್ತೆ ಹೋದೆವು, ಈ ಸಲ ನನ್ನ ಹೆಂಡತಿಯೂ ಬಂದಳು. ದಿಬ್ಬವನ್ನು ನೋಡಿ ಅವಳು ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಅಜ್ಜನ ಮಣಿಕಟ್ಟಿನ ಮೇಲೆ ಒಂದೂವರೆ ಅಂಗುಲದ ಗೀರಿತ್ತು. ರಾತ್ರಿ ನಿದ್ದೆ ಬರುತ್ತದಂತೆ. ಅಂಗಿಯ ಮೇಲಿನ ಗುಂಡಿ ಮಾತ್ರ ಇನ್ನೂ ಬಿಚ್ಚಿಕೊಂಡೇ ಇತ್ತು.

ಅಡೆಗಲ್ಲಿನ ಮುಂದಿನ ಮಣೆಯ ಮೇಲೆ ಈಗ ಸೊಸೆ ಕುಳಿತಿದ್ದಾಳೆ. ಇಕ್ಕಳ, ಸಣ್ಣ ಸುತ್ತಿಗೆ ಎರಡೂ ಅವಳದೇ. "ಅಕ್ಕಾರ, ಈ ಕುಡಗೋಲು ಒಂದೀಟು ಹಣೀರಿ" ಎಂದು ಗಿರಾಕಿಗಳು ಅವಳನ್ನೇ ಕೇಳುತ್ತಾರೆ. ಚಮ್ಮಟಿಗೆಗೆ ಕೂಲಿಯ ಹುಡುಗ ಬಂದಿದ್ದಾನೆ. ಅದರ ಕಾವನ್ನು ಅಜ್ಜ ಬಿದಿರಿಗೆ ಬದಲಾಯಿಸಿದ್ದಾರೆ. ಕಲ್ಲು ಒಡೆಯುವವರದು ಹಾಗಿರುತ್ತದೆ, ತುಸು ಬಳುಕುತ್ತದೆ, ಏಟಿನ ಅದುರು ಕೈಗೆ ಬರುವುದು ಕಡಿಮೆ.

ಮಗ ರೈಲುಹಳಿಯ ಮುಂದೆ ನಿಂತ. ಅಜ್ಜ ಅವನಿಗೆ ಒಂದು ಕಿಲೋಕ್ಕೂ ಕಡಿಮೆ ತೂಕದ ಸುತ್ತಿಗೆ ಕೊಟ್ಟರು. ಮಗ ಹೆಬ್ಬೆರಳನ್ನು ಕಾವಿನ ಸುತ್ತ ಮಡಿಚಿಕೊಂಡು, ಕೆಂಪು ಸಲಾಕೆಯ ಮೇಲೆ ನಾಲ್ಕು ಏಟು ಹಾಕಿದ. ಬಾಗಿಲ ಬಳಿ ಗೋಡೆಗೊರಗಿ ಕುಳಿತ ಅಜ್ಜ ಅತ್ತ ನೋಡುತ್ತಿರಲಿಲ್ಲ. ಐದನೆಯ ಏಟಿಗೆ ಸಲಾಕೆ ಕಪ್ಪಾಗತೊಡಗಿತು.

"ಬೆಂಕ್ಯಾಗ ಇಡೋ" ಎಂದರು, ಕಣ್ಣು ಮುಚ್ಚಿಕೊಂಡೇ.